ಭಾಷಣ ಎಂಬ ಮಾತು ಹುಟ್ಟಿದ್ದು

ನೂಲಿನ ಗಿರಣಿಯ ಫಿಟ್ಟರ್ ಬಾಯಿ ಸತ್ತ ಮನುಷ್ಯ. ಕೆಟ್ಟ ಯಂತ್ರಕ್ಕೆ ಕಿವಿಗೊಟ್ಟು ರೋಗ ಹೇಳುತ್ತಿದ್ದ. ನಾಲ್ಕು ಜನರ ಮುಂದೆ ಮಾತ್ರ ಅವನ ನಾಲಿಗೆ ಅಂಗುಳಿಗೆ ಅಂಟಿಕೊಳ್ಳುತ್ತಿತ್ತು. ಅಂಥವನನ್ನು, ಕೆಲಸ ಕಲಿಸಿದ ಮೇಸ್ತ್ರಿ ನಿವೃತ್ತರಾದ ದಿನ ವೇದಿಕೆಗೆ ದಬ್ಬಿದರು. "ಎರಡೇ ಮಾತು ಹೇಳಪ್ಪ, ನಿನಗಿಂತ ಅವರನ್ನ ಬಲ್ಲವರು ಯಾರಿದ್ದಾರೆ?"

ವಾರವೆಲ್ಲ ಬಚ್ಚಲಲ್ಲಿ ಉರು ಹೊಡೆದಿದ್ದ. ಮೈಕಿನ ಮುಂದೆ ನಿಂತು "ನಮ್ಮ ಮೇಸ್ತ್ರಿಗಳು..." ಎಂದ. ಅಷ್ಟೇ. ಮಧ್ಯಾಹ್ನ ಉಂಡದ್ದೆಲ್ಲ ಬಾಯಿಂದ ಹೊರಬಂದು ಮೇಸ್ತ್ರಿಯ ಹೊಸ ಬೂಟಿನ ಮೇಲೆ ಬಿತ್ತು. ಮೈಕು ಆ ಸದ್ದನ್ನು ಕೊನೆಯ ಸಾಲಿನವರಿಗೂ ತಲುಪಿಸಿತು. ಮೇಸ್ತ್ರಿ ಕರ್ಚೀಫು ತೆಗೆದು ಇವನ ಬಾಯಿ ಒರೆಸಿದರು.

ಮರುದಿನದಿಂದ ಗಿರಣಿಯಲ್ಲಿ ಯಾರೂ ವಾಂತಿ ಮಾಡಲಿಲ್ಲ. ಎಲ್ಲರೂ 'ಭಾಷಣ' ಮಾಡಿದರು. ಮಾತಿಗೆ ಕಾಲು ಬಂತು, ಗೇಟು ದಾಟಿ ಊರೆಲ್ಲ ತಿರುಗಿತು. ಬಸ್ಸಿನಲ್ಲಿ ಮಗುವೊಂದು ಮುಖ ಕಿವುಚಿದರೆ ಕಂಡಕ್ಟರ್, "ಕಿಟಕಿ ಕಡೆ ಕೂರಿಸ್ಕೊಳ್ಳಮ್ಮ, ಭಾಷಣಕ್ಕೆ ಎದ್ದಿದೆ" ಎನ್ನುವನು. ಫಿಟ್ಟರ್ ಮುಂದಿನ ಸ್ಟಾಪಿನಲ್ಲೇ ಇಳಿದು ನಡೆಯುವನು. ಮೇಸ್ತ್ರಿಯ ಮನೆ ಕಡೆ ಆಮೇಲೆ ತಲೆ ಹಾಕಲಿಲ್ಲ. ಅವರು ತೀರಿಕೊಂಡಾಗಲೂ ಬೀದಿಯ ತುದಿಯಲ್ಲೇ ನಿಂತಿದ್ದು ಬಂದ.

ವರ್ಷಗಳುರುಳಿದವು. ಮಾತು ಉಳಿಯಿತು, ಮನುಷ್ಯ ಮರೆತುಹೋದ. ಅವನೂ ಮನೆಯಲ್ಲಿ ಬಾಯಿ ಬಿಟ್ಟಿರಲಿಲ್ಲ. ಆಮೇಲೆ ಸೊಸೆ ಬಂದಳು. ದರ್ಜಿ ಅಂಗಡಿಯಲ್ಲಿ ಹೊಲಿಯುವವಳು, ಮಾತಿನ ಮಲ್ಲಿ. ಬಸುರಿಯಾದವಳು ಒಂದು ಸಂಜೆ ಊಟಕ್ಕೆ ಕೂತು, "ಮಾವ, ಇವತ್ತು ಅಂಗಡೀಲಿ ಭಾಷಣವೋ ಭಾಷಣ!" ಎಂದು ನಕ್ಕಳು. "ಈ ಮಾತು ಹೇಗೆ ಬಂತು ಗೊತ್ತಾ? ಯಾವನೋ ಒಬ್ಬ ಕಂಠಪೂರ್ತಿ ಕುಡಿದು ವೇದಿಕೆ ಹತ್ತಿದ್ನಂತೆ. ಮೇಸ್ತ್ರಿ ಮೇಲೆ ಹೊಟ್ಟೆಕಿಚ್ಚಂತೆ, ಬೇಕಂತಲೇ ಅವರ ಕಾಲಿಗೆ..."

"ಕುಡಿದಿರಲಿಲ್ಲ," ಎಂದ ಫಿಟ್ಟರ್.

"ನಿಮಗೆ ಹೇಗೆ ಗೊತ್ತು ಮಾವ?"

ಅವನು ತಟ್ಟೆಯಿಂದ ತಲೆ ಎತ್ತಲಿಲ್ಲ. ಕಿವಿ ಕೆಂಡವಾಗಿತ್ತು. "ಹೊಟ್ಟೆಕಿಚ್ಚೂ ಇರಲಿಲ್ಲ ಕಣಮ್ಮ. ಬರೀ ಹೆದರಿಕೆ."

ಸೊಸೆಯ ಕೈ ಬಾಯಿಗೆ ಹೋಯಿತು. ಮಗ ನೀರಿನ ಲೋಟವನ್ನು ಸುಮ್ಮನೆ ಆ ಕಡೆ ಈ ಕಡೆ ಸರಿಸಿದ.

ಬೆಳಿಗ್ಗೆ ಬಚ್ಚಲಿನಿಂದ ಬಂದ ಸೊಸೆ ಮುಖ ಒರೆಸಿಕೊಳ್ಳುತ್ತ, "ವಾಂತಿ ಆಯ್ತು ಮಾವ" ಎಂದಳು, ಪಾಠ ಒಪ್ಪಿಸುವ ಮಗುವಿನ ಹಾಗೆ, ಒಂದೊಂದು ಅಕ್ಷರವನ್ನೂ ಹುಷಾರಾಗಿ. ಊರಿನ ನಗುವನ್ನೆಲ್ಲ ತಡೆದುಕೊಂಡಿದ್ದವನಿಗೆ ಆ ಹುಷಾರು ತಡೆಯಲಾಗಲಿಲ್ಲ. "ನಿಂಬೆಹಣ್ಣು ತರ್ತೀನಿ" ಎಂದು ಚಪ್ಪಲಿ ಮೆಟ್ಟಿದ. ಎದುರಿಗೇ ಅಂಗಡಿಯಿತ್ತು; ಅದನ್ನು ಬಿಟ್ಟು ದೂರದ ಅಂಗಡಿಗೆ ಹೋದ.