ಭಾವನ ‘ಅಡ್ಡಿಲ್ಲ’

ನಮ್ಮ ಕುಂದಾಪುರದ ಕಡೆಯವರು ‘ಅಡ್ಡಿಲ್ಲ’ ಎಂಬ ಒಂದೇ ಮಾತಿನಲ್ಲಿ ಸಂಸಾರ ಸಾಗಿಸಬಲ್ಲರು. ಸಾರು ಹೇಗಾಗಿದೆ? ಅಡ್ಡಿಲ್ಲ. ಹುಡುಗ ಹೇಗೆ? ಅಡ್ಡಿಲ್ಲ. ಅಯ್ಯೋ, ಕಾಲು ತುಳಿದೆನಲ್ಲ! ಅಡ್ಡಿಲ್ಲ. ಚೆನ್ನಾಗಿದೆ ಎಂದೂ ಆಗುತ್ತದೆ, ಅಷ್ಟೇನೂ ಕೆಟ್ಟದ್ದಲ್ಲ ಎಂದೂ ಆಗುತ್ತದೆ, ಹೋಗಲಿ ಬಿಡು ಎಂದೂ ಆಗುತ್ತದೆ. ಯಾವುದು ಎಂದು ತಿಳಿಯಬೇಕಾದರೆ ಹೇಳಿದವರ ಮುಖ ನೋಡಬೇಕು. ನಾನು ಭಾವನನ್ನು ಕೇಳಿದ್ದು ಫೋನಿನಲ್ಲಿ.

ಭಾವ ಎಂದರೆ ನನ್ನ ಅಕ್ಕನ ಗಂಡ. ದುಬೈಯ ಅಲ್ ನಹ್ದಾದಲ್ಲಿ ಅವರ ಮನೆ. ಅಕ್ಕ ನರ್ಸು, ಬೆಳಗಿನ ಡ್ಯೂಟಿಗೆ ಬೇಗ ಹೊರಡುತ್ತಾಳೆ. ಹಾಗಾಗಿ ಮಗಳ ತಲೆ ಬಾಚಿ, ಎರಡು ಜಡೆ ಹೆಣೆದು, ಸ್ಕೂಲ್ ಬಸ್ಸು ಹತ್ತಿಸುವುದು ಭಾವನ ಪಾಲಿನ ಕೆಲಸವಾಗಿತ್ತು. ಹೆಣಿಗೆಯಲ್ಲಿ ಅಕ್ಕನಿಗಿಂತ ಅವರ ಕೈಯೇ ವಾಸಿ. ನಾನಿರುವುದು ಅಬುಧಾಬಿಯ ಮೊಹಮ್ಮದ್ ಬಿನ್ ಜಾಯೆದ್ ಸಿಟಿಯಲ್ಲಿ. ಕಟ್ಟಡ ಕಟ್ಟುವ ಕಂಪನಿಯೊಂದರಲ್ಲಿ ಸೇಫ್ಟಿ ಆಫೀಸರ್. ಬೆಲ್ಟ್ ಕಟ್ಟದೆ ಎತ್ತರದಲ್ಲಿ ನಿಂತವರನ್ನು ಕೆಳಗಿಳಿಸಿ ಬೈಯುವುದೇ ನನ್ನ ಅನ್ನ. ಫೋರ್ಮನ್ ‘ಸಬ್ ಠೀಕ್ ಹೈ ಸಾರ್’ ಎಂದರೆ ‘ಫೋಟೋ ತೋರಿಸು’ ಎನ್ನುತ್ತೇನೆ. ಬೆನ್ನ ಹಿಂದೆ ಅವರೆಲ್ಲ ನನ್ನನ್ನು ‘ಫೋಟೋ ಸಾರ್’ ಎನ್ನುತ್ತಾರೆಂದು ಗೊತ್ತು. ಅದರ ಬಗ್ಗೆ ನನಗೆ ಒಳಗೊಳಗೇ ಹೆಮ್ಮೆಯೂ ಇತ್ತು.

ಭಾವನಿಗೆ ಸೈಕಲ್ಲಿನ ಹುಚ್ಚು ಹಿಡಿಸಿದವನು ನಾನೇ. ಅವರ ಹೊಟ್ಟೆಯನ್ನು ಹಾಸ್ಯ ಮಾಡಿ ಅಂಗಡಿಗೆ ಎಳೆದುಕೊಂಡು ಹೋದೆ. ಮಾರುವವನಿಗೆ ಬಾಯಿ ತೆರೆಯಲು ಬಿಡದೆ ಒಂದೇ ತರದ ಎರಡು ಸೈಕಲ್ ಆರಿಸಿದೆ. “ಭಾವ, ಕಣ್ ಮುಚ್ಚಿ ತಕಣಿ,” ಎಂದೆ. ಅವರು ಹಾಗೆಯೇ ತೆಗೆದುಕೊಂಡರು. ಅಲ್ಲಿಂದ ಮುಂದೆ ಭಾನುವಾರ ಬೆಳಿಗ್ಗೆ ಅಲ್ ಕುದ್ರಾದ ಸೈಕಲ್ ದಾರಿಯಲ್ಲಿ ಸಿಗುವುದು, ಬೆವರಿಳಿಸುವುದು, ಕೊನೆಗೆ ಕರಕ್ ಚಹಾ ಕುಡಿದು ಇಳಿಸಿದ್ದನ್ನೆಲ್ಲ ಮತ್ತೆ ತುಂಬಿಸಿಕೊಳ್ಳುವುದು.

ಕಳೆದ ಚಳಿಗಾಲದಲ್ಲಿ ನಮ್ಮಿಬ್ಬರಿಗೂ ಒಂದು ಮೇಲ್ ಬಂತು. ನಮ್ಮ ಸೈಕಲ್ಲಿನ ಕ್ರ್ಯಾಂಕನ್ನು, ಅಂದರೆ ಪೆಡಲನ್ನು ಹಿಡಿದಿರುವ ಲೋಹದ ತೋಳನ್ನು, ಕಂಪನಿ ರೀಕಾಲ್ ಮಾಡಿತ್ತು. ಒಳಗೆ ಟೊಳ್ಳಾದ ಆ ತೋಳನ್ನು ಎರಡು ಹೋಳು ಅಂಟಿಸಿ ಮಾಡಿರುತ್ತಾರೆ. ಕೆಲವು ಬಿಟ್ಟುಕೊಳ್ಳುತ್ತಿವೆ, ಅಂಗಡಿಯಲ್ಲಿ ತೋರಿಸಿ, ಸಂದು ಕಂಡರೆ ಬದಲಿಸಿ ಕೊಡುತ್ತೇವೆ, ಇಲ್ಲದಿದ್ದರೆ ಅದರಲ್ಲೇ ಓಡಿಸಬಹುದು ಎಂದಿತ್ತು. ನಾನು ಮರುದಿನವೇ ಒಯ್ದೆ. ಮೆಕ್ಯಾನಿಕ್ ಟಾರ್ಚ್ ಹಿಡಿದ. ಬಲಗಡೆಯ ತೋಳಿನ ಅಂಟಿನ ಗೆರೆ ಬಾಯಿ ಬಿಟ್ಟಿತ್ತು. ಹೊಸದನ್ನು ಹಾಕಿಸಿಕೊಂಡು ಬಂದೆ.

ಆಮೇಲೆ ಭಾವನಿಗೆ ಫೋನ್ ಮಾಡಿದೆ. “ಭಾವ, ಆ ಮೇಲ್ ಬಂತಲ್ದಾ? ಕ್ರ್ಯಾಂಕ್ ಕಂಡ್ರ್ಯಾ?”

“ಅಡ್ಡಿಲ್ಲ ಮಾರಾಯ,” ಎಂದರು.

ನೋಡಿದೆ, ಚೆನ್ನಾಗಿದೆ ಎಂದೋ? ನೋಡಿಲ್ಲ, ಇರಲಿ ಬಿಡು ಎಂದೋ? ನನಗೆ ಆಗಲೇ ಅನುಮಾನ ಬಂದಿತ್ತು. ಫೋರ್ಮನ್ ಆಗಿದ್ದರೆ ಫೋಟೋ ಕೇಳುತ್ತಿದ್ದೆ. “ನನ್ನದು ಬಾಯಿ ಬಿಟ್ಟಿತ್ತು ಭಾವ, ನೀವು ಸೈಕಲ್ ಮುಟ್ಟಬೇಡಿ,” ಎಂದಿದ್ದರೆ ಮುಗಿಯುತ್ತಿತ್ತು. ಆ ಒಂದು ಮಾತು ಬಾಯಿಗೆ ಬರಲಿಲ್ಲ. ಬಂದರೆ ನಾನು ಆರಿಸಿದ ಸೈಕಲ್ ಖೊಟ್ಟಿ ಎಂದು ನಾನೇ ಒಪ್ಪಿಕೊಂಡಂತೆ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ! “ಸರಿ, ಭಾನುವಾರ ಸಿಗುವ,” ಎಂದು ಫೋನ್ ಇಟ್ಟೆ.

ಅಪಾಯವನ್ನು ಅಳೆಯುವುದು ನನ್ನ ಕಸುಬು. ಆಗುವ ಸಂಭವವೆಷ್ಟು, ಆದರೆ ಕೇಡೆಷ್ಟು, ಎರಡನ್ನೂ ಗುಣಿಸು. ಭಾವನ ಹಿಂದೆ ಸೈಕಲ್ ತುಳಿಯುತ್ತ ನಾನು ಅದನ್ನೇ ಮಾಡುತ್ತಿದ್ದೆ, ಕಣ್ಣು ಮಾತ್ರ ಅವರ ಬಲಗಾಲಿನ ಮೇಲೆ. ಭಾವ ಮೆಲ್ಲಗೆ ತುಳಿಯುವವರು. ದಾರಿ ಸಪಾಟು. ಅವರದು ಬೇರೆ ಬ್ಯಾಚಿನದಿರಬಹುದು. ಒಂದೇ ಅಂಗಡಿಯಲ್ಲಿ, ಒಂದೇ ದಿನ, ಪಕ್ಕಪಕ್ಕದಲ್ಲಿ ನಿಂತಿದ್ದ ಸೈಕಲ್ಲುಗಳು ಅವು! ಬೇಕಾದ ಉತ್ತರ ಮೊದಲೇ ಇಟ್ಟುಕೊಂಡು ಲೆಕ್ಕ ಮಾಡುವವನಿಗೆ ನಾಚಿಕೆಯಾದರೂ ಎಲ್ಲಿಂದ ಬರಬೇಕು? ಕೆಲವು ಭಾನುವಾರ ಏನೂ ಆಗಲಿಲ್ಲ. ನೋಡಿದೆಯಾ, ಏನೂ ಆಗಲಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಸೈಟಿನಲ್ಲಿ ಯಾರಾದರೂ ಈ ಮಾತು ಹೇಳಿದರೆ ನಾನು ಉರಿದುಬೀಳುತ್ತೇನೆ.

ಆಮೇಲೊಂದು ಭಾನುವಾರ ಎದುರುಗಾಳಿಯಿತ್ತು. ಸಣ್ಣ ಏರಿನಲ್ಲಿ ಭಾವ ಸೀಟಿನಿಂದ ಎದ್ದು ನಿಂತು ತುಳಿದರು. ಒಣಕಡ್ಡಿ ಮುರಿದಂತೆ ಸದ್ದಾಯಿತು. ಭಾವ ಬಲಕ್ಕೆ ವಾಲಿ ಭುಜ ಊರಿ ಬಿದ್ದರು. ನಾನು ಓಡಿಹೋದಾಗ ಪೆಡಲೂ ಕ್ರ್ಯಾಂಕಿನ ಮುರಿದ ತುಂಡೂ ಕ್ಲಿಪ್ಪಿನಿಂದ ಅವರ ಶೂವಿಗೇ ಕಚ್ಚಿಕೊಂಡಿದ್ದವು. “ಸೈಕಲಿಗೆ ಎಂತ ಆಯ್ತ್?” ಎಂದು ನರಳುತ್ತ ಕೇಳಿದರು.

“ಅಡ್ಡಿಲ್ಲ ಭಾವ,” ಎಂದೆ. ಹೌದು, ನಾನೇ ಹಾಗೆಂದೆ.

ಆಸ್ಪತ್ರೆಗೆ ಬಂದ ಅಕ್ಕ ನನ್ನ ಕೈ ಹಿಡಿದುಕೊಂಡು, “ನೀ ಒಟ್ಟಿಗಿದ್ದದ್ದ್ ಒಳ್ಳೇದಾಯ್ತ್ ಮಾರಾಯ,” ಎಂದು ಅತ್ತಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಇದನ್ನು ಹೇಗೆ ತಡೆದುಕೊಳ್ಳುವುದು? ಆದರೂ ನಾನು ಬಾಯಿ ಬಿಡಲಿಲ್ಲ.

ಭಾವನ ಭುಜಕ್ಕೆ ಪ್ಲೇಟ್ ಕೂರಿಸಿದರು. ಮೂಳೆ ಕೂಡಿತು, ಆದರೆ ಬಲಗೈ ಭುಜದಿಂದ ಮೇಲೆ ಏಳುವುದಿಲ್ಲ. ಇನ್ನು ಏಳುವುದು ಕಷ್ಟ ಎಂದು ಡಾಕ್ಟರ್ ಹೇಳಿದ ವಾರ ನಾನು ಅಲ್ ನಹ್ದಾಕ್ಕೆ ಹೋದೆ. ಬಾಗಿಲು ತೆರೆದವಳು ಅಕ್ಕನ ಮಗಳು. ಕೂದಲು ಕಿವಿಯ ಮಟ್ಟಕ್ಕೆ ಕತ್ತರಿಸಿದ್ದರು. ನಾನು ಬಾಗಿಲಲ್ಲೇ ನಿಂತುಬಿಟ್ಟೆ.

“ಇಟ್ಸ್ ಓಕೆ, ಮಾವ. ಶಾರ್ಟ್ ಹೇರ್ ಈಸ್ ಈಸಿಯರ್,” ಎಂದು ಅವಳೇ ನನಗೆ ಸಮಾಧಾನ ಹೇಳಿ ಒಳಗೆ ಹೋದಳು.

ಅಕ್ಕ ಅಡುಗೆಮನೆಯಲ್ಲಿದ್ದಳು. ಭಾವ ಟಿವಿ ನೋಡುತ್ತಿದ್ದರು. ನಾನು ಪಕ್ಕದಲ್ಲಿ ಕೂತು ಹೇಳಿಬಿಟ್ಟೆ. “ಭಾವ, ನನ್ನ ಕ್ರ್ಯಾಂಕ್ ಬಾಯಿ ಬಿಟ್ಟಿತ್ತ್. ನಿಮ್ಗೆ ಫೋನ್ ಮಾಡುವತಿಗೇ ನಂಗೆ ಗೊತ್ತಿತ್ತ್. ಹೇಳ್ಲಿಲ್ಲ.”

ಭಾವ ಎಡಗೈಯಲ್ಲಿ ರಿಮೋಟ್ ಎತ್ತಿ ಟಿವಿಯ ಸದ್ದು ಇಳಿಸಿದರು. “ನಿಂದಕ್ಕೆ ಹೊಸತ್ ಹಾಕ್ಸಿದ್ದ್ ಆ ಭಾನುವಾರವೇ ಕಂಡಿದ್ದೆ. ಹೊಳಿತಿತ್ತಲೆ.”

“ಮತ್ತೆ ನಿಮ್ದ್ ಯಾಕೆ ತೋರ್ಸ್ಲಿಲ್ಲ?”

“ಹೆದ್ರುವಂಥದ್ದಾದ್ರೆ ನೀನ್ ಹೇಳ್ತಿದ್ದೆ ಅಲ್ದಾ? ಸೇಫ್ಟಿಯವ ನೀನ್. ನೀನೇ ಸುಮ್ನಿದ್ದದ್ದ್ ಕಂಡ್, ದೊಡ್ಡದೆಂತ ಇಲ್ಲ ಅಂದ್ಕಂಡೆ.”

ನಾನು ಮಾಡಿದ ಗುಣಾಕಾರವೆಲ್ಲ ಸುಳ್ಳು. ಅವರು ಅಳೆದದ್ದು ನನ್ನ ಮೌನವನ್ನು. ನನ್ನನ್ನು ನಂಬಿ, ಕಣ್ಣು ಮುಚ್ಚಿ. ಎರಡು ಕೈಯನ್ನೂ ಮೊಣಕಾಲಿನ ನಡುವೆ ಸಿಕ್ಕಿಸಿಕೊಂಡು, “ತಪ್ಪಾಯ್ತ್ ಭಾವ,” ಎಂದೆ.

“ಅಡ್ಡಿಲ್ಲ,” ಎಂದರು.

ಯಾವ ಅಡ್ಡಿಲ್ಲ ಎಂದು ತಿಳಿಯಲು ಮುಖ ನೋಡಬೇಕಿತ್ತು. ನನಗೆ ತಲೆ ಎತ್ತಲಾಗಲಿಲ್ಲ.