ಬೂದ ತಿಂತು ಅಂದಿದ್ದೆ

ಅತ್ತೆ, ಅವತ್ತು ಬೂದ ಮೊಟ್ಟೆ ತಿಂದಿರಲಿಲ್ಲ. ನಾನು ಹಾಕಿರಲೇ ಇಲ್ಲ. ಹಾಕದೆಯೇ ತಿಂತು ಎಂದೆ — ನನ್ನ ಮಾತು ನಂಬಿ ನೀವು ಸೂಜಿ ಚುಚ್ಚಿದಿರಿ. ತಪ್ಪು ನಿಮ್ಮ ಕಣ್ಣಿನದಲ್ಲ, ಕೈಯದೂ ಅಲ್ಲ. ಎರಡು ವರ್ಷದಿಂದ ಈ ಮಾತನ್ನು ನಿಮ್ಮಿಂದ ಬಚ್ಚಿಟ್ಟಿದ್ದೇನೆ.

ಬೂದ ನಮ್ಮ ಅಟ್ಟದ ಬೆಕ್ಕು. ಅರಳಗುಪ್ಪೆ ಸುತ್ತಿನ ಮನೆಗಳಲ್ಲಿ ಬೆಕ್ಕು ಸಾಕುವುದು ಮುದ್ದಿಗಲ್ಲ. ಅಟ್ಟದ ಮೇಲಿನ ಕಾಯಿ ಒಣಗಿ ಕೊಬ್ಬರಿಯಾಗುವವರೆಗೆ, ವರ್ಷವಿಡೀ, ಇಲಿಗಳಿಂದ ಕಾಯಲು. ಬೆಳಿಗ್ಗೆ ಅದಕ್ಕೆ ಏನೂ ಹಾಕಬಾರದು, ಹಾಕಿದರೆ ಒಲೆ ಮುಂದೆ ಬಿದ್ದುಕೊಳ್ಳುತ್ತದೆ, ಅಟ್ಟ ಹತ್ತುವುದಿಲ್ಲ — ತುರುವೇಕೆರೆ ಕಡೆಯ ನನ್ನ ತವರಿನಲ್ಲಿ ಅಮ್ಮ ಕಲಿಸಿದ್ದು ಇದನ್ನೇ. ಸಂಜೆ ಕಾಯಿಚಿಪ್ಪಿನಲ್ಲಿ ಒಂದಿಷ್ಟು ಹಾಲನ್ನ, ಅಷ್ಟೆ.

ಆ ಬೇಸಿಗೆಯಲ್ಲಿ ಬೂದ ಬಟ್ಟೆ ಒಗೆಯುವ ಕಲ್ಲಿನ ಪಕ್ಕದ ನೀರಿನ ಬಾನಿಗೆ ಮುಖವಿಟ್ಟರೆ ಎತ್ತುತ್ತಲೇ ಇರಲಿಲ್ಲ. ಮೈಯಿಳಿದು ಬೆನ್ನಮೂಳೆ ಕೈಗೆ ಸಿಗುತ್ತಿತ್ತು. ವಯಸ್ಸಾಯಿತು ಬಿಡಿ ಎಂದೆ ನಾನು. ಹಿತ್ತಲಲ್ಲಿ ಅದು ಉಚ್ಚೆ ಹೊಯ್ದ ಕಡೆ ಇರುವೆ ಮುತ್ತಿದ್ದನ್ನು ಕಂಡವರು ನೀವು.

“ಗಿರಿಜಾ, ಇಲ್ಬಾರೇ! ಇದಕ್ಕೂ ನನ್ ಕಾಯ್ಲೆನೇ ಬಂದೈತೆ ಕಣೇ!”

ನನಗೆ ನಗು ತಡೆಯಲಾಗಲಿಲ್ಲ. ತರಕಾರಿ ಬುಟ್ಟಿಯಲ್ಲಿ ಬೂದನನ್ನು ಕೂರಿಸಿಕೊಂಡು ಬಸ್ಸಿನಲ್ಲಿ ತಿಪಟೂರಿಗೆ ಹೋದೆವು. ರಕ್ತ ಪರೀಕ್ಷೆ ಮಾಡಿದ ಡಾಕ್ಟರು ಹೌದು, ಸಕ್ಕರೆ ಕಾಯಿಲೆಯೇ ಎಂದಾಗ ನಗು ನಿಂತಿತು. ಹಾಲನ್ನ ಬೇಡ, ಮೊಟ್ಟೆ ಮಾಂಸದಂಥದ್ದು ಕೊಡಿ, ಹೊತ್ತು ತಪ್ಪಿಸದೆ ಇನ್ಸುಲಿನ್ ಹಾಕಿ — ಹೊಟ್ಟೆಗೆ ಹಾಕದೆ ಮಾತ್ರ ಸೂಜಿ ಹಾಕಲೇಬೇಡಿ ಎಂದು ಒತ್ತಿ ಒತ್ತಿ ಹೇಳಿದರು.

ಮೊಟ್ಟೆ! ಲಿಂಗ ಕಟ್ಟಿದ ಮನೆ ನಮ್ಮದು. ನೀವು ಕೊರಳಿನ ಲಿಂಗದ ಕರಡಿಗೆಯನ್ನು ಮುಟ್ಟಿಕೊಂಡಿರಿ. ಆಮೇಲೆ, “ಅದೇನ್ ಲಿಂಗ ಕಟ್ಕಂಡೈತಾ? ತಿನ್ಲಿ ಬುಡು,” ಎಂದು ಹಿತ್ತಲಲ್ಲಿ ಮೂರು ಕಲ್ಲಿಟ್ಟು ಒಲೆ ಹೂಡಿದಿರಿ. ನಿಮ್ಮ ಹೊಟ್ಟೆಗೆ ನೀವೇ ಇನ್ಸುಲಿನ್ ಚುಚ್ಚಿಕೊಂಡು ಪಳಗಿದ ಕೈ. ಕತ್ತಿನ ಚರ್ಮ ಎತ್ತಿ ಚುಚ್ಚಿದರೆ ಬೂದನಿಗೆ ಗೊತ್ತೇ ಆಗುತ್ತಿರಲಿಲ್ಲ. ಮೊಟ್ಟೆ ಸುಲಿದು ತಿನ್ನಿಸುವುದಷ್ಟೇ ನನ್ನ ಪಾಲಿನ ಕೆಲಸ.

ಅವತ್ತು ಬೆಳಿಗ್ಗೆ ಅಟ್ಟದಲ್ಲಿ ಇಲಿ ಕೊರೆದ ಕಾಯಿಗಳು ಸಿಕ್ಕಿದ್ದವು. ನಿಮ್ಮ ಮಗ ಕೂಗಾಡಿ ತೋಟಕ್ಕೆ ಹೋದರು. ನನಗೂ ಉರಿದುಹೋಯಿತು — ಬಿದ್ದುಕೊಂಡಿರುವ ಬೆಕ್ಕಿಗೆ ಈ ಸೇವೆ ಬೇರೆ! ಜೊತೆಗೆ ಆ ಮೊಟ್ಟೆಯ ವಾಸನೆ... ಒಂದು ಹೊತ್ತು ಹಸಿದಿದ್ದರೆ ಅಟ್ಟ ಹತ್ತೀತು ಎಂದುಕೊಂಡು ಮೊಟ್ಟೆಯನ್ನು ತಿಪ್ಪೆಗೆ ಎಸೆದೆ. ನೀವು ಸೂಜಿ ಹಿಡಿದು ಬಂದಿರಿ.

“ತಿಂತೇನೇ?”

“ತಿಂತು ಅತ್ತೆ.”

ಸೂಜಿ ತಗಲುವವರೆಗೂ ಸಮಯವಿತ್ತು. ತಾಳಿ ಎನ್ನಬಹುದಿತ್ತು. ಬಾಯಿ ಬರಲಿಲ್ಲ — ಇಲ್ಲ, ನಾನೇ ಬಾಯಿ ಬಿಡಲಿಲ್ಲ.

ಬಿಸಿಲೇರುವ ಹೊತ್ತಿಗೆ ಬೂದ ಅಟ್ಟದ ಏಣಿಯ ಬುಡದಲ್ಲಿ ಬಿದ್ದಿತ್ತು. ಕಾಲುಗಳು ಸೆಟೆದು ಅದುರುತ್ತಿದ್ದವು. ನೀವು ಓಡಿಬಂದು, ಬೆಲ್ಲ ಕದಡಿ, ಬೆರಳಿನಿಂದ ಅದರ ಒಸಡಿಗೆ ತಿಕ್ಕಿದಿರಿ. “ಏಳಪ್ಪಾ ಬೂದ, ನನ್ನಪ್ಪ ಅಲ್ವಾ, ಏಳು...” ಕಣ್ಣು ಬಿಟ್ಟಿತು. ಆಟೋದಲ್ಲಿ ತಿಪಟೂರಿಗೆ ಓಡಿದೆವು.

ಊಟ ಮಾಡಿತ್ತಾ ಎಂದು ಡಾಕ್ಟರು ಕೇಳಿದರು. ನಾನು ತಲೆಯೆತ್ತುವ ಮೊದಲೇ ನೀವು ಹೇಳಿಬಿಟ್ಟಿರಿ: “ನನ್ ಸೊಸೆ ತಿನ್ಸಿದ್ಲು ಸಾರ್. ಅವ್ಳು ಸುಳ್ ಹೇಳೋಳಲ್ಲ. ನಾನೇ ಕಣ್ ಕಾಣ್ದೆ ಔಷ್ದಿ ಜಾಸ್ತಿ ಎಳ್ದುಬುಟ್ಟೆ.”

ಅವತ್ತಿನಿಂದ ನೀವು ಸೂಜಿ ಮುಟ್ಟಲಿಲ್ಲ. ಬೂದನದನ್ನೂ ಇಲ್ಲ, ನಿಮ್ಮದನ್ನೂ ಇಲ್ಲ. ಬೂದನಿಗೆ ಹೇಗೆ ಚುಚ್ಚಬೇಕೆಂದು ಪಕ್ಕದಲ್ಲಿ ಕೂತು ನನಗೆ ಕಲಿಸಿಕೊಟ್ಟಿರಿ. ನಿಮಗೂ ನಾನೇ ಹಾಕುತ್ತೇನೆ. ಪ್ರತಿ ಸಲವೂ ಸೆರಗು ಸರಿಮಾಡಿಕೊಳ್ಳುತ್ತ, “ನೀನಿರೋ ಹೊತ್ಗಾಯ್ತು ಕಣವ್ವಾ,” ಎನ್ನುತ್ತೀರಿ. ಆ ಮಾತು ಕೇಳಿದಾಗಲೆಲ್ಲ ನಾನು ಸೂಜಿಗೆ ಮುಚ್ಚಳ ಹಾಕುವ ನೆಪದಲ್ಲಿ ಮುಖ ತಿರುಗಿಸುತ್ತೇನೆ.

ಬೂದ ಬದುಕಿದೆ. ಮೈದುಂಬಿಕೊಂಡು, ಮನಸ್ಸಾದಾಗ ಅಟ್ಟ ಹತ್ತಿ, ಅದರ ಮೊಟ್ಟೆ ಎಸೆದವಳ ಕಾಲಿಗೇ ಬಂದು ಮೈ ಉಜ್ಜುತ್ತದೆ. ಅದನ್ನು ನೋಡಿದಾಗಲೆಲ್ಲ ಮನಸ್ಸಿನಲ್ಲೇ ನಿಮಗೆ ಕೈಮುಗಿಯುತ್ತೇನೆ ಅತ್ತೆ. ನೀವು ಬೆಲ್ಲ ಹಿಡಿದು ಓಡಿಬರದಿದ್ದರೆ ನಾನೊಂದು ಜೀವ ತೆಗೆದವಳಾಗಿರುತ್ತಿದ್ದೆ. ಬೂದನನ್ನಷ್ಟೇ ಅಲ್ಲ, ನನ್ನನ್ನೂ ಉಳಿಸಿದಿರಿ. ಅದಕ್ಕೆ ಪ್ರತಿಯಾಗಿ ನಾನು ನಿಮ್ಮ ಧೈರ್ಯವನ್ನೇ ಕಿತ್ತುಕೊಂಡೆ.

ನಿನ್ನೆ ಚಿಕ್ಕನಾಯಕನಹಳ್ಳಿಯಿಂದ ನಿಮ್ಮಕ್ಕ ಫೋನು ಮಾಡಿದ್ದರು. ಮಂಡಿ ಹಿಡಿದುಹೋಗಿದೆ, ನಾನಂತೂ ಬರಲಾರೆ, ನೀನಾದರೂ ಬಂದು ನಾಲ್ಕು ದಿನ ಇದ್ದು ಹೋಗು ಎಂದು ಅತ್ತರು. ಮೊದಲೆಲ್ಲ ಬ್ಯಾಗು ಹಿಡಿದು ಒಬ್ಬರೇ ಬಸ್ಸು ಹತ್ತುತ್ತಿದ್ದವರು ನೀವು. ಈಗ, “ಅಲ್ಲಿ ಸೂಜಿ ಹಾಕೋರ್ಯಾರಕ್ಕಾ,” ಎಂದು ಫೋನಿಟ್ಟು ಹುರುಳಿ ಆರಿಸುತ್ತ ಕೂತಿರಿ. ನಾನು ಎಷ್ಟು ಹುಡುಕಿದರೂ ಕಾಣದ ಕಲ್ಲನ್ನು ನೀವು ಒಂದೊಂದಾಗಿ ಎತ್ತಿ ಹೊರಗಿಡುತ್ತಿದ್ದಿರಿ. ನನಗೆ ಅಲ್ಲಿ ಕೂರಲಾಗಲಿಲ್ಲ.

ಇವತ್ತು ನಿಮ್ಮ ಸೂಜಿಯನ್ನು ನಿಮ್ಮ ಕೈಗೇ ಕೊಡುತ್ತೇನೆ. ನೀವೇ ಔಷಧಿ ಎಳೆಯಿರಿ, ನೀವೇ ಅಳತೆಯ ಗೀಟು ನೋಡಿ. ಸರಿ ಇದೆಯೇ ಎಂದಷ್ಟೇ ನಾನು ನೋಡುತ್ತೇನೆ. ಬೈದರೆ ಬೈಸಿಕೊಳ್ಳುತ್ತೇನೆ. ಮಾತು ಬಿಟ್ಟರೂ ಸರಿ. ಆದರೆ ಅಕ್ಕನ ಮನೆಗೆ ಹೋಗಿಬನ್ನಿ. ಬೂದನನ್ನು ನಾನು ನೋಡಿಕೊಳ್ಳುತ್ತೇನೆ. ಅಲ್ಲಿಂದ ಫೋನು ಮಾಡಿ “ತಿಂತೇನೇ?” ಎಂದು ಕೇಳಿ — ತಿಂದಿದ್ದರೆ ಮಾತ್ರ ತಿಂತು ಎನ್ನುತ್ತೇನೆ.