ಒಬ್ಬನೇ ಹೋದ ನಾಲ್ಕು ಜನ

ಹೋದ ತಿಂಗಳು ಒಂದು ಬೆಟ್ಟದ ನೆತ್ತಿ ಮೇಲೆ ಕೂತು ನಾನೊಂದು ಗುಂಡಿ ಒತ್ತಿದೆ. ಒತ್ತಿ ಎರಡು ನಿಮಿಷ ಆದ್ಮೇಲೆ ನೆನಪಾಯ್ತು, ನನ್ನ ಜೊತೆ ಇನ್ನೂ ಮೂರು ಜನ ಅದೇ ಬೆಟ್ಟದಲ್ಲಿ ಕಳೆದುಹೋಗಿದಾರೆ ಅಂತ.

ಕಷ್ಟ ಏನಂದ್ರೆ, ಆ ಮೂರು ಜನ ಬೆಟ್ಟಕ್ಕೆ ಬಂದೇ ಇರಲಿಲ್ಲ.

ತಡೀರಿ, ಮೊದಲಿಂದ ಹೇಳ್ತೀನಿ.

ನಾನಿರೋದು ಕೀವಿಗಳ ದೇಶದ ಪಾಮರ್ಸ್ಟನ್ ನಾರ್ತ್‌ನಲ್ಲಿ, ನಿಮಗೆ ಗೊತ್ತು. ಓದಕ್ಕೆ ಅಂತ ಬಂದೆ, ಕೆಲಸ ಸಿಕ್ತು, ಉಳ್ಕೊಂಡೆ. ಊರು ದೋಸೆ ಕಾವಲಿ ಥರ ಚಪ್ಪಟೆ. ಸೈಕಲ್ಲಿಗೆ ಗೇರ್ ಯಾಕೆ ಇಟ್ಟಿದಾರೆ ಅಂತ ಇವತ್ತಿಗೂ ಗೊತ್ತಾಗಿಲ್ಲ. ಆದ್ರೆ ರಸ್ತೆ ಕೊನೇಲಿ ನಿಂತು ಕತ್ತೆತ್ತಿದ್ರೆ ಬೆಟ್ಟದ ಸಾಲು. ವಾರವೆಲ್ಲ ಲ್ಯಾಬ್‌ನಲ್ಲಿ ಹಾಲಿನ ಪುಡಿಯ ತೇವ ಅಳೆಯೋನಿಗೆ (ಹೌದು, ಅದಕ್ಕೂ ಸಂಬಳ ಕೊಡ್ತಾರೆ) ಶನಿವಾರ ಬಂತು ಅಂದ್ರೆ ಕಾಲು ಸುಮ್ನಿರಲ್ಲ. ಬ್ಯಾಗು ಏರಿಸಿ ಹೊರಟುಬಿಡ್ತೀನಿ. ಒಬ್ಬನೇ.

ಯಾಕೆ ಒಬ್ಬನೇ? ಒಂದು ಸಲ ನನ್ನ ಜೊತೆ ಬಂದೋರು ಎರಡನೇ ಸಲ ಬರಲ್ಲ. ನಾನು ದಾರಿಯುದ್ದಕ್ಕೂ ಮಾತಾಡ್ತೀನಂತೆ.

ಒಬ್ಬನೇ ಹೋಗೋನು ಬೀಕನ್ ಇಟ್ಕೋಬೇಕು ಅನ್ನೋದು ಇಲ್ಲಿ ಹೆಲ್ಮೆಟ್ ಇದ್ದಂಗೆ. ನಾನೂ ಒಂದು ಶನಿವಾರ ಅಂಗಡಿಗೆ ಹೋದೆ. ಅಂಗಡಿಯವನಿಗೆ ಅರವತ್ತರ ಮೇಲೆ ವಯಸ್ಸು, ಜುಲೈ ಚಳೀಲೂ ಚಡ್ಡಿ. ಕೌಂಟರ್ ಮೇಲೆ ಎರಡು ಡಬ್ಬಿ ಇಟ್ಟ.

ಒಂದು ಬೀಕನ್. ಮುಷ್ಟಿಯಷ್ಟಿದೆ. ಏನಾದ್ರೂ ಆದ್ರೆ ಆಂಟೆನಾ ಬಿಚ್ಚಿ ಗುಂಡಿ ಒತ್ತು. ಸಿಗ್ನಲ್ ಸ್ಯಾಟಲೈಟ್‌ಗೆ ಹೋಗುತ್ತೆ, ಅಲ್ಲಿಂದ ರೆಸ್ಕ್ಯೂ ಆಫೀಸಿಗೆ ಬರುತ್ತೆ, ಅವರು ಹೊರಡ್ತಾರೆ. ಅಷ್ಟೇ. ಬ್ಯಾಟರಿ ವರ್ಷಗಟ್ಟಲೆ ಇರುತ್ತೆ, ಆದ್ರೆ ನಿನಗೆ ವಾಪಸ್ ಒಂದಕ್ಷರ ಬರಲ್ಲ. ಇನ್ನೊಂದು ಮೆಸೆಂಜರ್. ಅದರಲ್ಲೂ ಕಾಪಾಡಿ ಅನ್ನಬಹುದು, ಜೊತೆಗೆ ಮೆಸೇಜ್ ಕಳಿಸಬಹುದು, ಬಂದಿದ್ದು ಓದಬಹುದು. ಚಾರ್ಜ್ ಮಾಡ್ತಿರಬೇಕು, ತಿಂಗಳ ಚಂದಾ ಇರುತ್ತೆ. ನೀನು ಎಲ್ಲಿದೀಯ ಅಂತ ಮನೇಲಿರೋರು ಮ್ಯಾಪ್ ಮೇಲೆ ಚುಕ್ಕಿ ನೋಡ್ತಾ ಕೂರಬಹುದು.

"ಮನೇಲಿ ಯೋಚನೆ ಮಾಡೋರು ಇದ್ರೆ ಇದೇ ತಗೋ. ಅವರಿಗೆ ನೆಮ್ಮದಿ," ಅಂತ ಮೆಸೆಂಜರ್ ಮುಂದೆ ತಳ್ಳಿದ.

ಚುಕ್ಕಿ ಅಂದಿದ್ದೇ ತಡ, ನನ್ನ ನೆಮ್ಮದಿ ಹೋಯ್ತು.

ಯಾಕಂದ್ರೆ ನಮ್ಮಮ್ಮ ಹಾಸನ ಬಸ್ ಸ್ಟ್ಯಾಂಡ್‌ನಲ್ಲಿ ಕಂಟ್ರೋಲರ್. ಯಾವ ಗಾಡಿ ಬಂತು, ಯಾವುದು ಹೊರಡ್ತು, ಯಾವುದು ಶಿರಾಡಿ ಘಾಟಿಲಿ ನಿಂತೋಯ್ತು, ಎಲ್ಲ ಅವಳ ಪುಸ್ತಕದಲ್ಲಿ. ಇಪ್ಪತ್ತು ವರ್ಷದಿಂದ ಅದೇ ಕೆಲಸ. ಅಂಥವಳ ಕೈಗೆ ಮಗನ ಚುಕ್ಕಿ ಕೊಡೋದಾ? ಅರ್ಧ ದಿನದಲ್ಲಿ ಆ ಲಿಂಕು ಡಿಪೋದ ಎಲ್ಲಾ ಡ್ರೈವರ್ ಫೋನಲ್ಲಿ ಇರುತ್ತೆ. "ಮೇಡಂ, ನಿಮ್ಮ ಹುಡುಗ ಇಪ್ಪತ್ತು ನಿಮಿಷದಿಂದ ಅಲ್ಲೇ ನಿಂತವ್ನೆ, ಪಂಚರ್ರಾ?" ನಾನು ಮರದ ಹಿಂದೆ ಹೋಗೋ ಸಮಾಚಾರವೂ ಪುಸ್ತಕಕ್ಕೆ ಹತ್ತಬೇಕಾ?

ಇನ್ನೊಂದು ಕಾರಣ ಇತ್ತು. ನಾನು ಒಬ್ಬನೇ ಹೋಗೋದು ಅವಳಿಗೆ ಗೊತ್ತಿರಲಿಲ್ಲ. ಪ್ರತಿ ಸಲ ಫೋನ್‌ನಲ್ಲಿ "ನಾಲ್ಕು ಜನ ಹೋಗ್ತಿದೀವಮ್ಮ" ಅಂತಿದ್ದೆ. ನಾನು, ಇಮ್ರಾನ್, ಪ್ರಶಾಂತ, ಡೆರಿಕ್. ಇಮ್ರಾನ್ ನನ್ನ ಫ್ಲಾಟ್‌ಮೇಟ್, ಶಿವಮೊಗ್ಗದೋನು, ಇಲ್ಲಿ ಆಸ್ಪತ್ರೇಲಿ ಡಾಕ್ಟ್ರು. ಅವನಿಗೆ ಬೆಟ್ಟ ಅಂದ್ರೆ ಮೂರನೇ ಮಹಡಿ. ಪ್ರಶಾಂತ ಇರೋದು ಆಕ್ಲೆಂಡ್‌ನ ಈಸ್ಟ್ ತಮಾಕಿಲಿ, ಏಳು ಗಂಟೆ ದಾರಿ. ಡೆರಿಕ್ ಅನ್ನೋನು ಯಾರು ಅಂತ ನನಗೂ ಗೊತ್ತಿಲ್ಲ. ಸಂಖ್ಯೆ ತುಂಬಲಿ ಅಂತ ಹುಟ್ಟಿಸಿದ್ದೆ.

ಜಾಗದ ಹೆಸರು ಮಾತ್ರ ನಿಜ ಹೇಳ್ತಿದ್ದೆ. ಯಾವ ಬೆಟ್ಟ, ರಾತ್ರಿ ತಂಗೋ ಗುಡಿಸಲು ಅಂದ್ರೆ ಹಟ್ ಯಾವುದು, ಯಾವತ್ತು ವಾಪಸ್. ಸುಳ್ಳಿನ ಹೆಸರು ನೆನಪಿಟ್ಕೊಳ್ಳೋಷ್ಟು ತಲೆ ನನಗಿಲ್ಲ.

ಸರಿ, ಮಾತಾಡದೇ ಇರೋ ಬೀಕನ್ನೇ ತಗೊಂಡೆ. ಅಂಗಡಿಯವನು "ಸಿಂಪಲ್, ಗಟ್ಟಿ, ಒಳ್ಳೇ ಆಯ್ಕೆ" ಅಂದ. ನಾನೂ ಅನುಭವಸ್ಥನ ಥರ ತಲೆ ಆಡಿಸಿದೆ. ಅಮ್ಮನಿಂದ ತಪ್ಪಿಸ್ಕೊಳ್ಳಕ್ಕೆ ತಗೋತಿದೀನಿ ಅಂತ ಅವನಿಗೆ ಹೇಳಕ್ಕಾಗುತ್ತಾ?

ಮನೆಗೆ ಬಂದು ರಿಜಿಸ್ಟರ್ ಮಾಡಬೇಕು. ಫಾರ್ಮ್‌ನಲ್ಲಿ ಕೇಳ್ತಾರೆ, ಬೀಕನ್ ಕೂಗಿದ್ರೆ ಯಾರಿಗೆ ಫೋನ್ ಮಾಡೋಣ? ಮೊದಲನೇ ಹೆಸರು ಇಮ್ರಾನ್‌ದು. ಎರಡನೇ ಹೆಸರಿಗೆ ಯೋಚನೆ ಮಾಡೋ ಮುಂಚೆ ಬೆರಳು ತಾನಾಗೇ ಹೊಡೆದುಬಿಡ್ತು: ಅಮ್ಮನ ಹೆಸರು, ಹಾಸನದ ನಂಬರು, ಪಿನ್ ಕೋಡ್ ಸಮೇತ. ಬಸ್ ಪಾಸಿಂದ ವೀಸಾ ತನಕ ತಂದೆ ತಾಯಿ ಹೆಸರು, ಖಾಯಂ ವಿಳಾಸ ಅಂತ ತುಂಬಿ ತುಂಬಿ ಪಳಗಿದ ಕೈ ಅದು. ನಿಮ್ಮ ಕೈಯೂ ಅಷ್ಟೇ, ಸುಮ್ನೆ ನಗಬೇಡಿ.

ಹಿಂಗಾಗಿ ಸರ್ಕಾರದ ಪ್ರಕಾರ ಇಮ್ರಾನ್ ಮನೇಲಿ. ಅಮ್ಮನ ಪ್ರಕಾರ ನನ್ನ ಜೊತೆ ಬೆಟ್ಟದಲ್ಲಿ. ಇವರಿಬ್ಬರೂ ಯಾವತ್ತಾದ್ರೂ ಮಾತಾಡ್ತಾರೆ ಅಂತ ಯಾರಿಗೆ ಹೊಳೆಯುತ್ತೆ?

ಈಗ ಹೋದ ತಿಂಗಳಿಗೆ ಬರೋಣ. ರುವಾಹೀನೆ ಬೆಟ್ಟಸಾಲು, ಎರಡನೇ ದಿನ, ಮಧ್ಯಾಹ್ನ. ಮರಗಳೆಲ್ಲ ಕೆಳಗೆ ಉಳಿದು ಬರೀ ಹುಲ್ಲು, ಕಲ್ಲು, ಗಾಳಿ. ಆ ನೋಟ ನೋಡಿ ಫೋಟೋ ಬೇಕು ಅನ್ನಿಸ್ತು. ಫೋನನ್ನ ಬಂಡೆ ಮೇಲೆ ಒರಗಿಸಿ ಹತ್ತು ಸೆಕೆಂಡ್ ಟೈಮರ್ ಇಟ್ಟೆ. ಓಡಿಹೋಗಿ, ಸೊಂಟದ ಮೇಲೆ ಕೈ ಇಟ್ಟು, ಯಾರೂ ಫೋಟೋ ತೆಗೀತಿಲ್ಲವೇನೋ ಅನ್ನೋ ಥರ ದೂರ ನೋಡಬೇಕು. ಅದು ಪ್ಲಾನು. ಎಂಟನೇ ಸೆಕೆಂಡಿಗೆ ಬಲಗಾಲು ಎರಡು ಕಲ್ಲಿನ ಮಧ್ಯ ಹೋಯ್ತು, ನಾನು ಬೇರೆ ಕಡೆ ಹೋದೆ. ಲಟಕ್ ಅಂತು.

ಜನ ಹಿಮಪಾತದಲ್ಲಿ ಸಿಕ್ಕಿ ಕಾಲು ಮುರ್ಕೋತಾರೆ. ನಾನು ಪೋಸು ಕೊಡಕ್ಕೆ ಹೋಗಿ ಮುರ್ಕೊಂಡೆ.

ಮೊದಲು ಬಂದಿದ್ದು ನೋವಲ್ಲ, ನಾಚಿಕೆ. ಇಷ್ಟಕ್ಕೆಲ್ಲ ಹೆಲಿಕಾಪ್ಟರ್ ಕರೆಯೋದಾ? ಹಟ್ ಇನ್ನೂ ಎರಡು ಗಂಟೆ ದಾರಿ. ಅಂಬೆಗಾಲಲ್ಲಿ ಹೋಗೋಣ ಅಂತ ಹೊರಟೆ. ಹತ್ತು ನಿಮಿಷಕ್ಕೆ ಒಂದು ಬಸ್ಸಿನ ಉದ್ದ ಹೋಗಿದ್ದೆ. ಪಶ್ಚಿಮದಿಂದ ಮೋಡ ಏರ್ತಿತ್ತು, ಬೆರಳು ಮರಗಟ್ಟಕ್ಕೆ ಶುರುವಾಯ್ತು. ರಾತ್ರಿ ಇಲ್ಲೇ ಆದ್ರೆ ನಾಚಿಕೆ ಪಡಕ್ಕೂ ನಾನಿರಲ್ಲ ಅಂತ ಗೊತ್ತಾಯ್ತು. ಆಂಟೆನಾ ಬಿಚ್ಚಿದೆ, ಒತ್ತಿದೆ. ಪುಟ್ಟ ಲೈಟು ಮಿಣಕ್ ಮಿಣಕ್ ಅಂತು.

ಆಗ ನೆನಪಾಯ್ತು, ನಾಲ್ಕು ಜನ.

ಇಮ್ರಾನ್‌ಗೆ ಅವತ್ತು ಆಪರೇಷನ್ ಥಿಯೇಟರ್ ಡ್ಯೂಟಿ. ಫೋನ್ ಲಾಕರ್‌ನಲ್ಲಿ. ಅವನು ಎತ್ತಲ್ಲ. ಮುಂದಿನ ಫೋನು ಹಾಸನಕ್ಕೆ. ಅಲ್ಲಿ ಬೆಳಗ್ಗೆ ಆರೂವರೆ, ಅಮ್ಮ ಮಾರ್ನಿಂಗ್ ಶಿಫ್ಟಲ್ಲಿ ಇರ್ತಾಳೆ. ಎಷ್ಟು ಜನ ಹೋಗಿದಾರೆ ಅಂತ ಕೇಳ್ತಾರೆ. ನಾನು ಎರಡು ವರ್ಷದಿಂದ ಬಾಯಿಪಾಠ ಮಾಡಿಸಿದ ಉತ್ತರಾನೇ ಅವಳು ಹೇಳ್ತಾಳೆ. ಆಮೇಲೆ? ಹೆಲಿಕಾಪ್ಟರ್‌ನೋರು ನನ್ನನ್ನ ಎತ್ಕೊಂಡು ಸುಮ್ನೆ ಹೋಗ್ತಾರಾ? ಇನ್ನು ಮೂರು ಜನರನ್ನ ಹುಡುಕ್ತಾರೆ. ಆ ಮೋಡದಲ್ಲಿ, ಆ ಗಾಳೀಲಿ, ಕೊರಕಲು ಕೊರಕಲಿಗೆ ಇಳಿದು ಡೆರಿಕ್‌ನ ಹುಡುಕ್ತಾರೆ. ನಾನು ಹುಟ್ಟಿಸಿದ ಡೆರಿಕ್‌ಗೋಸ್ಕರ ಯಾರಾದ್ರೂ ನಿಜವಾದ ಮನುಷ್ಯ ಬಿದ್ರೆ?

ನನ್ನ ಡಬ್ಬಿಗೆ ಬಾಯಿ ಇತ್ತು, ಅದಕ್ಕೆ ಬರ್ತಿದ್ದಿದ್ದು ಒಂದೇ ಮಾತು. ಮೆಸೆಂಜರ್ ಆಗಿದ್ರೆ "ನಾನೊಬ್ಬನೇ" ಅಂತ ಒಂದು ಸಾಲು ಹೊಡೆದು ಕಳಿಸ್ತಿದ್ದೆ. ಬೇರೆ ದಾರಿ ಕಾಣದೆ, ಕೈಗೆಟುಕಿದ ಕಲ್ಲೆಲ್ಲ ಜೋಡಿಸಿ ನೆಲದ ಮೇಲೆ ದೊಡ್ಡದಾಗಿ ಇಂಗ್ಲಿಷಿನ ಒಂದು ಬರೆದೆ. ಬರೆದ ಮೇಲೆ ನೋಡಿದ್ರೆ ಅದು ಕಲ್ಲಿನ ಸಾಲು. ಮೇಲಿಂದ ನೋಡಿದೋನು ಯಾವನೋ ಪಾಪದೋನು ಬೇಲಿ ಹಾಕಕ್ಕೆ ಶುರು ಮಾಡಿದಾನೆ ಅನ್ಕೋಬೇಕು.

ಒಂದೂವರೆ ಗಂಟೆ. ಆಮೇಲೆ ಸದ್ದು ಕೇಳಿಸ್ತು. ತಂತಿ ಹಿಡಿದು ಒಬ್ಬ ದಾಂಡಿಗ ಇಳಿದು ಬಂದ. ನನ್ನ ಕಾಲು ನೋಡಿದ, ಕಣ್ಣು ನೋಡಿದ. ನಾನು ನಮಸ್ಕಾರ ಕೂಡ ಹೇಳದೆ ಶುರು ಹಚ್ಕೊಂಡೆ, "ನಾನೊಬ್ಬನೇ, ಬೇರೆ ಯಾರೂ ಇಲ್ಲ, ಸಾರಿ, ಒಬ್ಬನೇ."

"ಗೊತ್ತು ಮೇಟ್," ಅಂದ ಅವನು ಪಟ್ಟಿ ಕಟ್ತಾ. "ನಿಮ್ಮಮ್ಮ ಹೇಳಿದ್ರು."

ನಾನು ಎರಡು ವರ್ಷದಲ್ಲಿ ಮೊದಲ ಸಲ ಸುಮ್ನಾದೆ. ಆಸ್ಪತ್ರೆ ತಲುಪೋ ತನಕ ಮಾತಾಡಲಿಲ್ಲ. ಬೇಕಾದ್ರೆ ಹೆಲಿಕಾಪ್ಟರ್‌ನೋರನ್ನ ಕೇಳಿ.

ಸಂಜೆ ವಾರ್ಡಿಗೆ ಇಮ್ರಾನ್ ಓಡಿ ಬಂದ, ಥಿಯೇಟರ್ ಬಟ್ಟೇಲೇ. "ಗುರು, ಏಳು ಮಿಸ್ಡ್ ಕಾಲ್ ಇದೆ ನಂಗೆ. ಸಾರಿ ಗುರು. ನಿಮ್ಮಮ್ಮಂಗೆ ಫೋನ್ ಹಚ್ಚಿದೀನಿ, ಮಾತಾಡು," ಅಂತ ಕಿವಿಗೆ ಇಟ್ಟ.

"ಊಟ ಆಯ್ತೇನೋ?" ಅಂದ್ಲು ಅಮ್ಮ.

"ಅಮ್ಮ, ನಿಂಗೆ ಹೆಂಗೆ ಗೊತ್ತಾಯ್ತು ನಾನೊಬ್ಬನೇ ಅಂತ?"

"ಎರಡು ವರ್ಷದಿಂದ ಫೋಟೋ ಕಳಿಸ್ತೀಯಲ್ಲ. ಒಂದರಲ್ಲಾದ್ರೂ ನೀನು ಪೂರ್ತಿ ಇದೀಯಾ? ಬರೀ ಮೂಗು, ಇಲ್ಲಾ ಬರೀ ಶೂ. ನಾಲ್ಕು ಜನ ಹೋದ್ರೆ ಒಬ್ಬನಿಗಾದ್ರೂ ಫೋಟೋ ತೆಗೆಯಕ್ಕೆ ಬರಲ್ವೇನೋ?"

ಅಮ್ಮ ಅಲ್ಲಿಗೇ ಬಿಡಲಿಲ್ಲ.

"ಮತ್ತೆ ಹೋದ ವಾರ ನೀನೇ ಮೂರು ದಿನಕ್ಕೆ ಒಂದೂವರೆ ಲೋಟ ಅವಲಕ್ಕಿ ಸಾಕಾ ಅಂತ ಕೇಳ್ದೆ. ನಾಲ್ಕು ಜನ ಗಂಡು ಹುಡುಗರಿಗೆ ಒಂದೂವರೆ ಲೋಟ. ಡೆರಿಕ್ ಏನು ಉಪವಾಸನಾ?"

"ಗೊತ್ತಿದ್ರೆ ಯಾಕೆ ಬೈಲಿಲ್ಲ?"

"ಬೈದಿದ್ರೆ ಬೆಟ್ಟದ ಹೆಸರೂ ಸುಳ್ಳು ಹೇಳ್ತಿದ್ದೆ ನೀನು. ಎಲ್ಲಿ ಹೋಗ್ತೀಯ ಅನ್ನೋದಾದ್ರೂ ನಿಜ ಇರಲಿ ಅಂತ ಸುಮ್ನಿದ್ದೆ. ಪುಸ್ತಕದಲ್ಲಿ ಬರ್ಕೋತಿದ್ದೆ."

ಮುಂದಿಂದು ನಾನು ಬಿಡಿಬಿಡಿಯಾಗಿ ಕೇಳಿ ತಿಳ್ಕೊಂಡಿದ್ದು. ರೆಸ್ಕ್ಯೂ ಆಫೀಸಿಂದ ಅಮ್ಮಂಗೆ ಫೋನ್ ಮಾಡಿದ್ದು ಒಬ್ಬ ಹುಡುಗಿ, ಪಾಪ ನಿಧಾನಕ್ಕೆ ಮಾತಾಡಿದ್ಲಂತೆ. ಎಷ್ಟು ಜನ ಅಂತ ಕೇಳಿದ್ಲು. ಅಮ್ಮ ತನಗೆ ಬರೋ ಇಂಗ್ಲಿಷಲ್ಲೇ ಹೇಳಿದ್ಲು: "ಮಗ ಹೇಳಿರೋದು ನಾಲ್ಕು. ನಿಜವಾಗ್ಲೂ ಇರೋದು ಒಬ್ಬ." ಖಾತ್ರಿನಾ ಅಂದಿದ್ದಕ್ಕೆ, "ಅವನನ್ನ ಇಪ್ಪತ್ತೆಂಟು ವರ್ಷದಿಂದ ನೋಡ್ತಿದೀನಿ." "ಇಮ್ರಾನ್ ಕೆಲಸ ಮಾಡೋ ಆಸ್ಪತ್ರೆಗೆ ಫೋನ್ ಮಾಡಿ ನೋಡಿ, ಅವನು ಅಲ್ಲೇ ಇರ್ತಾನೆ" ಅಂತ ದಾರೀನೂ ಅವಳೇ ತೋರಿಸಿದ್ಲು. ಆಮೇಲೆ ಪುಸ್ತಕ ತೆಗೆದು, ಯಾವ ಕಡೆಯಿಂದ ಹತ್ತಿದಾನೆ, ಮೊದಲನೇ ರಾತ್ರಿ ಯಾವ ಹಟ್, ಎರಡನೇದು ಯಾವುದು, ನೀಲಿ ಜಾಕೆಟ್, ಪೆನ್ಸಿಲಿನ್ ಕೊಟ್ರೆ ಮೈಯೆಲ್ಲ ಗಂಧೆ ಏಳುತ್ತೆ, ಎಲ್ಲ ಹೇಳಿದ್ಲು. ಆ ಕೊನೇದು ನಾನು ಫಾರ್ಮಲ್ಲಿ ಬರೆದೇ ಇರಲಿಲ್ಲ. ಮರೆತಿದ್ದೆ.

ಘಾಟಿಲಿ ಬಸ್ಸು ನಿಂತಾಗ ಸಂಬಂಧಿಕರೆಲ್ಲ ಬಂದು ಕೌಂಟರ್ ಗುದ್ದಿ ಕಿರುಚ್ತಾರೆ. ಅಮ್ಮ ಆಗ ಡ್ರೈವರಿಗೆ ಕೇಳೋದು ಮೂರೇ: ಎಲ್ಲಿದೀಯ, ಎಷ್ಟು ಜನ, ಯಾರಿಗಾದ್ರೂ ಏಟಾಗಿದೆಯಾ. ಗಾಬರಿ ಆಮೇಲೆ ಪಡೋಣ ಅಂತಾಳೆ. ಚಿಕ್ಕೋನಿದ್ದಾಗ ಇದನ್ನ ಕೇಳಿ ನಮ್ಮಮ್ಮಂಗೆ ಕರುಳೇ ಇಲ್ಲ ಅನ್ಕೊಂಡಿದ್ದೆ.

"ಫೋನ್ ಇಟ್ಟ ಮೇಲೆ ಏನು ಮಾಡ್ದೆ?" ಅಂತ ಕೇಳ್ದೆ.

"ಏಳು ಗಂಟೆ ಬೆಂಗಳೂರು ಗಾಡಿ ಬಿಟ್ಟೆ." ಅಂದ್ಲು. "ಆಮೇಲೆ ಒಂದ್ಗಳಿಗೆ ಒಳಗೆ ಹೋಗಿ ಕೂತ್ಕೊಂಡೆ."

ಎರಡು ದಿನ ಆದ್ಮೇಲೆ ಆ ಆಫೀಸಿನ ಹುಡುಗಿ ನನಗೂ ಫೋನ್ ಮಾಡಿ ಆರೋಗ್ಯ ವಿಚಾರಿಸಿದ್ಲು. ಇಡೋ ಮುಂಚೆ ಅಂದ್ಲು, "ಸಾಮಾನ್ಯವಾಗಿ ಇಂಥ ಫೋನಲ್ಲಿ ನಾವು ಮನೆಯವರನ್ನ ಸಮಾಧಾನ ಮಾಡಬೇಕಾಗುತ್ತೆ. ನಿಮ್ಮಮ್ಮ ನನಗೆ ಪೆನ್ ತಗೋ, ಬರ್ಕೋ ಅಂದ್ರು." ನಗ್ತಿದ್ಲು. ನನ್ನ ಎದೆ ಎಷ್ಟು ಉಬ್ಬಿತು ಅಂದ್ರೆ, ಡಾಕ್ಟ್ರು ಕಾಲಿನ ಜೊತೆ ಅದಕ್ಕೂ ಒಂದು ಪಟ್ಟಿ ಹಾಕಬೇಕಿತ್ತು. ಅವತ್ತು ವಾರ್ಡಲ್ಲಿ ಯಾರನ್ನೂ ಬಿಡಲಿಲ್ಲ. ನರ್ಸಿಗೆ ಹೇಳ್ದೆ, ಊಟದ ತಟ್ಟೆ ತರೋ ಆಂಟಿಗೆ ಹೇಳ್ದೆ, ಪಕ್ಕದ ಮಂಚದ ಕೀವಿ ತಾತಂಗೆ ಎರಡು ಸಲ ಹೇಳ್ದೆ. ಅವನು ಕಿವಿಯಿಂದ ಮಿಷನ್ನೇ ತೆಗೆದಿಟ್ಟುಬಿಟ್ಟ.

ಯಾರಿಂದ ಮುಚ್ಚಿಡಕ್ಕೆ ನಾನು ಆ ಡಬ್ಬಿ ಆರಿಸಿದ್ನೋ, ಅವಳೇ ಅದು ಹೇಳಕ್ಕಾಗದೇ ಇದ್ದಿದ್ದನ್ನೆಲ್ಲ ಹೇಳಿದ್ಲು.

ಕಾಲು ಸರಿಹೋಗಕ್ಕೆ ಇನ್ನೂ ಟೈಮಿದೆ. "ಆ ಮೆಸೇಜ್ ಬರೋ ಡಬ್ಬಿ ತಗೊಳ್ಲಾ ಅಮ್ಮ? ಚುಕ್ಕಿ ಕಾಣುತ್ತೆ ನಿಂಗೆ," ಅಂತ ಕೇಳ್ದೆ.

"ಚುಕ್ಕಿ ನೋಡ್ಕೊಂಡು ಕೂತ್ರೆ ಬಸ್ಸು ಯಾರು ಬಿಡ್ತಾರೆ? ನಿಂಗೂ ಅಲ್ಲಿ ಮೆಸೇಜ್ ಬಂದ್ರೆ ಅದನ್ನ ನೋಡ್ತಾ ಇನ್ನೊಂದು ಕಾಲೂ ಮುರ್ಕೋತೀಯ. ಇರೋದೇ ಇರಲಿ," ಅಂದ್ಲು. ಒಂದೇ ಷರತ್ತು, ಎಷ್ಟು ಜನ ಅಂದ್ರೆ ಸರಿಯಾದ ಸಂಖ್ಯೆ ಹೇಳಬೇಕು. ಒಪ್ಕೊಂಡೆ. ಫಾರ್ಮಲ್ಲಿ ಅಮ್ಮನ ಹೆಸರು ಮೇಲಕ್ಕೆ ಹೋಯ್ತು, ಇಮ್ರಾನ್ ಕೆಳಕ್ಕೆ ಬಂದ. (ಲಾಕರ್‌ನಲ್ಲಿ ಫೋನಿಡೋ ದೋಸ್ತನಿಗೆ ಇದು ಜಾಸ್ತಿನೇ.)

ಈ ಸುದ್ದಿ ಕೇಳಿದಾಗಿಂದ ಇಲ್ಲಿನ ಕನ್ನಡದೋರೆಲ್ಲ ಒಂದೇ ಪ್ರಶ್ನೆ ಕಳಿಸ್ತಿದಾರೆ: ಯಾವ ಬೀಕನ್ ತಗೊಳ್ಳೋದು? ಬ್ಯಾಟರಿ ಎಷ್ಟು, ತೂಕ ಎಷ್ಟು, ನೀರಲ್ಲಿ ಬಿದ್ರೆ ತೇಲುತ್ತಾ? ಇದನ್ನೆಲ್ಲ ಆ ಚಡ್ಡಿ ತಾತನ್ನ ಕೇಳಿ, ನನಗಿಂತ ಚೆನ್ನಾಗಿ ಹೇಳ್ತಾನೆ.

ನಾನು ಕೇಳೋದು ಒಂದೇ: ಆ ಫಾರ್ಮಲ್ಲಿ ನೀವು ಬರೆದಿರೋ ಮನುಷ್ಯರಿಗೆ, ನೀವು ಹೇಳಿರೋದರಲ್ಲಿ ನಿಜ ಎಷ್ಟು?